ಹೆಸರು ಹುಡುಕಿದರೆ ಸಾಕೇ? ಬೆಂಗಳೂರಿನ ಉದ್ಯಮಗಳಿಗೆ ನಿರ್ಬಂಧ ಪಾಲನೆಯ ದಾರಿಗಳ ಹೋಲಿಕೆ

ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆಯ ರಫ್ತುದಾರರು ಈಗ ಪದೇ ಪದೇ ಕೇಳುವ ಪ್ರಶ್ನೆ ಇದು: "ಈ ಸ್ಯಾಂಕ್ಷನ್ ಚೆಕ್ ಮಾಡೋಕೆ ಸಾಫ್ಟ್‌ವೇರ್ ತಗೋಬೇಕಾ, ಇಲ್ಲಾ ಬ್ಯಾಂಕ್‌ನವರೇ ನೋಡ್ಕೋತಾರಾ?" ಸ್ಯಾಂಕ್ಷನ್ ಅಂದರೆ ಇಂಥ ದೇಶ, ವ್ಯಕ್ತಿ, ಕಂಪನಿಗಳ ಜೊತೆ ವ್ಯವಹಾರ ಮಾಡಬಾರದು ಎಂದು ಸರಕಾರಗಳೋ ವಿಶ್ವಸಂಸ್ಥೆಯೋ ಹೇರುವ ನಿರ್ಬಂಧ; ಗಿರಾಕಿಯ ಹೆಸರು ಅವರ ಪಟ್ಟಿಯಲ್ಲಿದೆಯೇ ಎಂದು ನೋಡುವುದೇ ಈ ಚೆಕ್. ಕೋರಮಂಗಲದ ಸಾಫ್ಟ್‌ವೇರ್ ಕಂಪನಿಯವರು ಅದನ್ನೇ ಬೇರೆ ಥರ ಕೇಳುತ್ತಾರೆ: "ನಮ್ದು ಬರೀ ಸಬ್‌ಸ್ಕ್ರಿಪ್ಶನ್, ಸಾಮಾನೇ ಇಲ್ಲ. ನಮಗೂ ಇದೆಲ್ಲ ಬೇಕಾ?" ಇಬ್ಬರಿಗೂ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ಅಂಥವರು ಏನನ್ನೋ ಮಾರಲು ಬಂದಿರುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ದಾರಿ ಹಿಡಿಯಬೇಕು ಎನ್ನುವುದನ್ನು ಕಂಪನಿಯ ಗಾತ್ರ ನೋಡಿ ತೀರ್ಮಾನಿಸಬಾರದು. ತೊಂದರೆ ನಿಮ್ಮಲ್ಲಿಗೆ ಯಾವುದರ ಜೊತೆ ಬರುತ್ತದೆ ಎಂದು ನೋಡಬೇಕು. ಕೆಲವರಿಗೆ ಅದು ಸರಕಿನ ಜೊತೆ ಬರುತ್ತದೆ, ಕೆಲವರಿಗೆ ಗಿರಾಕಿಯ ಹೆಸರಿನ ಜೊತೆ, ಕೆಲವರಿಗೆ ಹಣ ಬರುವ ದಾರಿಯಲ್ಲಿ, ಇನ್ನು ಕೆಲವರಿಗೆ ಕೊಂಡುತಂದ ಕಚ್ಚಾಮಾಲಿನಲ್ಲಿ. ಸರಕಿನಲ್ಲಿ ತೊಂದರೆ ಇರುವವರು ಹೆಸರು ಹುಡುಕುವ ಸಾಫ್ಟ್‌ವೇರ್‌ಗೆ ದುಡ್ಡು ಸುರಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಯಾವುದು ನಮ್ಮ ಕಾನೂನು, ಯಾವುದು ಅಲ್ಲ

ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇರಿದ ನಿರ್ಬಂಧ ನಮಗೆ ಭಾರತದ ಕಾನೂನೇ. 1947ರ ವಿಶ್ವಸಂಸ್ಥೆ ಭದ್ರತಾ ಮಂಡಳಿ ಕಾಯ್ದೆ, ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯ 51ಎ ಕಲಮು, ಸಾಮೂಹಿಕ ವಿನಾಶದ ಅಸ್ತ್ರಗಳ ಕುರಿತ 2005ರ ಕಾಯ್ದೆಗೆ 2022ರಲ್ಲಿ ಸೇರಿದ 12ಎ ಕಲಮು, ಇವುಗಳ ಮೂಲಕ ಅದು ಇಲ್ಲಿ ಜಾರಿಯಾಗುತ್ತದೆ. ಇದರ ಪಕ್ಕದಲ್ಲೇ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಸ್ಕೋಮೆಟ್ ಪಟ್ಟಿ ಇದೆ. ನಾಗರಿಕ ಬಳಕೆಗೂ ಸೇನೆಯ ಬಳಕೆಗೂ ಒದಗುವ ಸರಕು, ಸಾಫ್ಟ್‌ವೇರ್, ತಂತ್ರಜ್ಞಾನ ಹೊರದೇಶಕ್ಕೆ ಹೋಗಬೇಕಾದರೆ ಪರವಾನಗಿ ಬೇಕು. ಈ ಎರಡರಲ್ಲಿ ಚೌಕಾಸಿಗೆ ಜಾಗವಿಲ್ಲ.

ಅಮೆರಿಕ, ಐರೋಪ್ಯ ಒಕ್ಕೂಟ, ಬ್ರಿಟನ್ ತಾವಾಗಿಯೇ ಹೇರುವ ನಿರ್ಬಂಧಗಳದ್ದು ಬೇರೆ ಕಥೆ. ಏಕಪಕ್ಷೀಯ ನಿರ್ಬಂಧಗಳಿಗೆ ನಮ್ಮ ಸಮ್ಮತಿ ಇಲ್ಲ ಎಂದು ವಿದೇಶಾಂಗ ಸಚಿವಾಲಯ 2025ರ ಜುಲೈನಲ್ಲೂ ಹೇಳಿತು. ಹಾಗಿದ್ದ ಮೇಲೆ ಪೀಣ್ಯದವರಿಗೆ ಅದರ ಗೊಡವೆ ಏಕೆ? ಡಾಲರ್ ಇದೆಯಲ್ಲ, ಅದಕ್ಕೆ. ಡಾಲರ್ ಪಾವತಿ ಬಹುತೇಕ ಅಮೆರಿಕದ ಬ್ಯಾಂಕೊಂದನ್ನು ದಾಟಿಯೇ ಬರುತ್ತದೆ. ಸಿಂಗಪುರದ ಸಿಎಸ್‌ಇ ಗ್ಲೋಬಲ್ ಎಂಬ ಕಂಪನಿ ಇರಾನಿನ ಕೆಲಸಕ್ಕೆ ಸಂಬಂಧಪಟ್ಟ ಹಣವನ್ನು ಸಿಂಗಪುರದ ಬ್ಯಾಂಕ್ ಖಾತೆಯಿಂದಲೇ ಕಳಿಸಿತ್ತು. ಅಮೆರಿಕದಲ್ಲಿ ಅದಕ್ಕೆ ಕಚೇರಿಯಾಗಲಿ ಕಾರ್ಖಾನೆಯಾಗಲಿ ಬೇಕಿರಲಿಲ್ಲ. ಡಾಲರ್ ನ್ಯೂಯಾರ್ಕಿನ ದಾರಿ ಹಿಡಿದದ್ದೇ ಸಾಕಾಯಿತು. 2017ರಲ್ಲಿ ಅಮೆರಿಕದ ಖಜಾನೆ ಇಲಾಖೆಯಲ್ಲಿ ನಿರ್ಬಂಧಗಳನ್ನು ನೋಡಿಕೊಳ್ಳುವ ಕಚೇರಿ ಓಎಫ್‌ಎಸಿ ಅದರಿಂದ 1.2 ಕೋಟಿ ಡಾಲರಿಗೂ ಹೆಚ್ಚು ವಸೂಲಿ ಮಾಡಿತು.

ಡಾಲರ್ ಬಿಟ್ಟು ಯೂರೋದಲ್ಲೋ ರೂಪಾಯಿಯಲ್ಲೋ ವ್ಯವಹಾರ ಮಾಡುತ್ತೇವೆ ಅಂದರೂ ಪೂರ್ತಿ ಪಾರಾದಂತಲ್ಲ. ಗುಜರಾತಿನ ವಾಡಿನಾರ್‌ನ ತೈಲ ಶುದ್ಧೀಕರಣ ಕಂಪನಿ ನಯಾರಾ ಎನರ್ಜಿಯನ್ನು ಐರೋಪ್ಯ ಒಕ್ಕೂಟ 2025ರ ಜುಲೈನಲ್ಲಿ ಪಟ್ಟಿಗೆ ಸೇರಿಸಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸೇವೆಗಳು ನಿಂತುಹೋದವು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಆಮೇಲೆ ಸೇವೆ ಮರಳಿ ಬಂತು, ನಿಜ. ಆದರೆ ಇಮೇಲ್ ಇಲ್ಲದ ಕಚೇರಿಯನ್ನು ಒಂದು ಗಳಿಗೆ ಊಹಿಸಿಕೊಳ್ಳಿ.

ಬೆಂಗಳೂರಿಗೆ ಇದೇನೂ ಹೊಸದಲ್ಲ. ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನದ ಒಪ್ಪಂದಕ್ಕಾಗಿ 1992ರಲ್ಲಿ ಅಮೆರಿಕ ಇಸ್ರೊ ಮತ್ತು ರಷ್ಯಾದ ಗ್ಲಾವ್‌ಕಾಸ್ಮೋಸ್ ಎರಡರ ಮೇಲೂ ಎರಡು ವರ್ಷದ ನಿರ್ಬಂಧ ಹೇರಿತ್ತು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಭಾರತದ ಇನ್ನಷ್ಟು ಸಂಸ್ಥೆಗಳು ಅಮೆರಿಕದ ಎಂಟಿಟಿ ಲಿಸ್ಟ್ (ಪರವಾನಗಿ ಇಲ್ಲದೆ ಅಮೆರಿಕದ ಸರಕು, ತಂತ್ರಜ್ಞಾನ ಸಿಗದವರ ಪಟ್ಟಿ) ಸೇರಿದವು. ಇಸ್ರೊ, ಡಿಆರ್‌ಡಿಒ ಅಂಗಸಂಸ್ಥೆಗಳು ಅದರಿಂದ ಹೊರಬಂದದ್ದು 2011ರ ಜನವರಿಯಲ್ಲಿ. ಆಗ ಒಂದು ಚಿಕ್ಕ ಬಿಡಿಭಾಗಕ್ಕೂ ಪರದಾಡಿದ ಎಂಜಿನಿಯರುಗಳು ನಿವೃತ್ತರಾಗಿ ಇದೇ ಊರಿನಲ್ಲಿದ್ದಾರೆ. ಪಟ್ಟಿಯಲ್ಲಿ ಹೆಸರಿದ್ದರೆ ಏನಾಗುತ್ತದೆ ಎಂದು ಅವರನ್ನು ಕೇಳಿ, ಯಾವ ಕನ್ಸಲ್ಟೆಂಟ್‌ಗಿಂತ ಚೆನ್ನಾಗಿ ಹೇಳುತ್ತಾರೆ. 2024ರ ಫೆಬ್ರವರಿಯಲ್ಲಿ ಐರೋಪ್ಯ ಒಕ್ಕೂಟ ರಷ್ಯಾ ಸಂಬಂಧದ ಪಟ್ಟಿಗೆ ಬೆಂಗಳೂರಿನ ಖಾಸಗಿ ಎಲೆಕ್ಟ್ರಾನಿಕ್ಸ್ ಕಂಪನಿಯೊಂದನ್ನೂ ಸೇರಿಸಿತು. ಹಾಗಾಗಿ "ದೊಡ್ಡೋರ ಜಗಳ, ನಮಗ್ಯಾಕೆ" ಅನ್ನುವ ಮಾತು ಈಗ ನಡೆಯುವುದಿಲ್ಲ.

ಮುಂದಿರುವ ದಾರಿಗಳು

ಮೊದಲನೆಯದು ಖರ್ಚಿಲ್ಲದ್ದು: ಸರಕಾರಗಳೇ ಇಟ್ಟಿರುವ ಉಚಿತ ಹುಡುಕಾಟ. ವಿಶ್ವಸಂಸ್ಥೆಯ ಒಟ್ಟು ಪಟ್ಟಿ, ಓಎಫ್‌ಎಸಿಯ ಹುಡುಕು ಪುಟ, ಅಮೆರಿಕದ ವಾಣಿಜ್ಯ, ವಿದೇಶಾಂಗ, ಖಜಾನೆ ಇಲಾಖೆಗಳ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿದ ಕನ್ಸಾಲಿಡೇಟೆಡ್ ಸ್ಕ್ರೀನಿಂಗ್ ಲಿಸ್ಟ್, ಐರೋಪ್ಯ ಒಕ್ಕೂಟದ ಸ್ಯಾಂಕ್ಷನ್ಸ್ ಮ್ಯಾಪ್, ಬ್ರಿಟನ್ ಸರಕಾರದ ಪಟ್ಟಿ. ತಿಂಗಳಿಗೆ ಹತ್ತಿಪ್ಪತ್ತು ಹೊರದೇಶದ ಪಾರ್ಟಿಗಳ ಜೊತೆ ವ್ಯವಹಾರ ಮಾಡುವವರಿಗೆ ಇದು ಧಾರಾಳ ಸಾಕು. ಮಾಡುವ ಕ್ರಮ ಮಾತ್ರ ಗೊತ್ತಿರಬೇಕು. ಓಎಫ್‌ಎಸಿ ಪುಟದಲ್ಲಿ ಮಿನಿಮಮ್ ನೇಮ್ ಸ್ಕೋರ್ ಎಂಬ, ಎಳೆದು ಹೆಚ್ಚು ಕಡಿಮೆ ಮಾಡುವ ಸ್ಲೈಡರ್ ಇದೆ. ಪುಟ ತೆರೆದಾಗ ಅದು 100ರಲ್ಲಿ ನಿಂತಿರುತ್ತದೆ; ಅಂದರೆ ಹೆಸರು ತದ್ರೂಪು ಹೊಂದಿದರೆ ಮಾತ್ರ ತೋರಿಸುತ್ತದೆ. ಅಕೌಂಟ್ಸ್‌ನ ಹುಡುಗ ಹೆಸರು ಹಾಕಿ, ಸರ್ಚ್ ಒತ್ತಿ, ಏನೂ ಬರಲಿಲ್ಲ ಎಂದು ಪ್ರಿಂಟ್ ತೆಗೆದು ಫೈಲಿಗೆ ಹಾಕಿದರೆ ಅದು ಹುಡುಕಿದ ಶಾಸ್ತ್ರ ಅಷ್ಟೇ. ಅದನ್ನು 85ರ ಆಸುಪಾಸಿಗೆ ಇಳಿಸಿ ನೋಡಬೇಕು. ಮೊಹಮ್ಮದ್ ಎಂಬ ಹೆಸರನ್ನಾಗಲಿ ಸೆರ್ಗೆ ಎಂಬ ಹೆಸರನ್ನಾಗಲಿ ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂದು ನಮಗೆ ಹೇಳಿಕೊಡಬೇಕಾಗಿಲ್ಲ. ಶ್ರೀನಿವಾಸ ಎಂಬ ಹೆಸರನ್ನೇ ನಾವು ಎಷ್ಟು ಥರ ಬರೆಯುತ್ತೇವೆ!

ಇಳಿಸಿದಾಗ ಸಂಬಂಧವಿಲ್ಲದ ಹೆಸರುಗಳೂ ಬರುತ್ತವೆ. ಬಂದ ಕೂಡಲೇ ಪಾರ್ಟಿಯನ್ನು ಕೈಬಿಡುವುದು ಅನ್ಯಾಯ. ಹುಟ್ಟಿದ ದಿನಾಂಕ, ಊರು, ಪಾಸ್‌ಪೋರ್ಟ್ ಅಥವಾ ನೋಂದಣಿ ಸಂಖ್ಯೆ ಹೋಲಿಸಿ, ಬೇರೆಯವರೇ ಎಂದು ಖಾತ್ರಿಯಾದರೆ ಕಾರಣವನ್ನು ಎರಡು ಸಾಲು ಬರೆದಿಟ್ಟು ಮುಂದೆ ಹೋಗಬೇಕು.

ಈ ದಾರಿಯ ನಿಜವಾದ ಕೊರತೆ ಮಾಲೀಕತ್ವದ್ದು. ಓಎಫ್‌ಎಸಿ ಲೆಕ್ಕದಲ್ಲಿ ಪಟ್ಟಿಯಲ್ಲಿರುವವರು ಒಟ್ಟಾಗಿ ಶೇ 50 ಅಥವಾ ಹೆಚ್ಚು ಪಾಲು ಹೊಂದಿದ ಕಂಪನಿಯೂ ನಿರ್ಬಂಧಿತವೇ, ಅದರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ. ಒಬ್ಬನದು ಶೇ 25, ಇನ್ನೊಬ್ಬನದು ಶೇ 25 ಇದ್ದರೂ ಕೂಡಿಸಿ ಎಣಿಸುತ್ತಾರೆ. ಅಮೆರಿಕದ ವಾಣಿಜ್ಯ ಇಲಾಖೆಯೂ ತನ್ನ ಎಂಟಿಟಿ ಲಿಸ್ಟ್‌ಗೆ ಇಂಥದೇ ಶೇ 50ರ ನಿಯಮವನ್ನು 2025ರ ಸೆಪ್ಟೆಂಬರಿನಲ್ಲಿ ತಂದು, ನವೆಂಬರಿನಲ್ಲಿ ಒಂದು ವರ್ಷಕ್ಕೆ ಅಮಾನತಿನಲ್ಲಿಟ್ಟಿತು. ಉಚಿತ ಪುಟದಲ್ಲಿ ಹೆಸರು ಸಿಗುತ್ತದೆ, ಆ ಹೆಸರಿನ ಹಿಂದೆ ಯಾರಿದ್ದಾರೆ ಎನ್ನುವುದು ಸಿಗುವುದಿಲ್ಲ.

ಎರಡನೆಯದು ಹಣ ಕೊಟ್ಟು ಪಡೆಯುವ ಸಾಫ್ಟ್‌ವೇರ್. ವರ್ಲ್ಡ್-ಚೆಕ್, ಡೌ ಜೋನ್ಸ್, ಕಂಪ್ಲೈಅಡ್ವಾಂಟೇಜ್ ಇಂಥವು. ಹೆಚ್ಚಿನವು ಮಾಲೀಕತ್ವದ ಮಾಹಿತಿಯನ್ನೂ ಕೊಡುತ್ತವೆ, ಹಳೆಯ ಗಿರಾಕಿಗಳನ್ನು ತಾವಾಗಿಯೇ ದಿನವೂ ಮರುಪರಿಶೀಲಿಸುತ್ತವೆ. ಓಪನ್‌ಸ್ಯಾಂಕ್ಷನ್ಸ್ ಎಂಬ ತೆರೆದ ದತ್ತಾಂಶವೂ ಇದೆ. ವಾಣಿಜ್ಯ ಬಳಕೆಗೆ ಅದಕ್ಕೂ ಶುಲ್ಕ ಕೊಡಬೇಕು, ಆದರೆ ಒಳ್ಳೆಯ ಡೆವಲಪರ್ ಇರುವ ಸಾಫ್ಟ್‌ವೇರ್ ಕಂಪನಿಗೆ ನಾನು ಮೊದಲು ಹೇಳುವುದು ಅದನ್ನೇ. ಸಾಫ್ಟ್‌ವೇರ್ ಕೊಂಡ ಮಾತ್ರಕ್ಕೆ ನಿಶ್ಚಿಂತೆ ಅಂದುಕೊಳ್ಳುವವರು ಆಪಲ್ ಕಥೆ ಕೇಳಬೇಕು. ಸ್ಲೊವೇನಿಯದ ಒಂದು ಆ್ಯಪ್ ಕಂಪನಿ ಅಮೆರಿಕದ ಪಟ್ಟಿಯಲ್ಲಿ "ಎಸ್‌ಐಎಸ್ ಡಿ.ಒ.ಒ." ಎಂದು ಸಣ್ಣ ಅಕ್ಷರ, ಚುಕ್ಕೆಗಳ ಜೊತೆ ಇತ್ತು. ಆಪಲ್ ದಾಖಲೆಯಲ್ಲಿ ಅದೇ ದೊಡ್ಡ ಅಕ್ಷರದಲ್ಲಿ, ಚುಕ್ಕೆ ಇಲ್ಲದೆ ಇತ್ತು. ಆಪಲ್‌ನ ತಂತ್ರಾಂಶಕ್ಕೆ ಎರಡೂ ಒಂದೇ ಎಂದು ಹೊಳೆಯಲಿಲ್ಲ. 2019ರಲ್ಲಿ 4,66,912 ಡಾಲರ್ ತೆತ್ತು ಮುಗಿಸಿಕೊಂಡರು. ಮರುವರ್ಷ ಅಮೆಜಾನ್‌ನದು ಇದೇ ಜಾತಿಯ ಪ್ರಕರಣ: ನಿರ್ಬಂಧವಿದ್ದ ಕ್ರಿಮಿಯಾ ಪ್ರದೇಶದ ಹೆಸರಿನ ಇಂಗ್ಲಿಷ್ ಕಾಗುಣಿತ 'ಸಿ' ಬದಲು 'ಕೆ'ಯಿಂದ ಶುರುವಾಗಿದ್ದ ವಿಳಾಸಗಳು ಜಾರಿಕೊಂಡಿದ್ದವು. ಡೆಮೊ ಕೊಡಲು ಬಂದ ಸೇಲ್ಸ್‌ನವರ ಮುಂದೆ ಈ ಎರಡು ಪರೀಕ್ಷೆ ಮಾಡಿ ನೋಡಿ. ಅವರದೇ ಸಿದ್ಧ ಉದಾಹರಣೆಗಳಿಗೆ ಒಪ್ಪಬೇಡಿ.

ಮೂರನೆಯದು ಬ್ಯಾಂಕ್ ಮತ್ತು ಕ್ಲಿಯರಿಂಗ್ ಏಜೆಂಟ್ ಮೇಲೆ ಭಾರ ಹಾಕುವುದು. ನಮ್ಮೂರಿನಲ್ಲಿ ಬಹಳ ಮಂದಿ ಹಿಡಿದಿರುವ ದಾರಿ ಇದೇ, ನನಗೆ ಅತ್ಯಂತ ಇಷ್ಟವಿಲ್ಲದ್ದೂ ಇದೇ. ಬ್ಯಾಂಕ್ ನೋಡುವುದು ತನ್ನ ರಕ್ಷಣೆಗೆ, ನಿಮ್ಮ ರಕ್ಷಣೆಗಲ್ಲ. ರಷ್ಯಾದ ರಕ್ಷಣಾ ಉದ್ಯಮಕ್ಕೆ ನೆರವಾಗುವ ವಹಿವಾಟಿನಲ್ಲಿ ಸಿಕ್ಕಿಬಿದ್ದರೆ ಹೊರದೇಶದ ಬ್ಯಾಂಕುಗಳನ್ನೇ ಡಾಲರ್ ವ್ಯವಸ್ಥೆಯಿಂದ ಹೊರಗಿಡಬಹುದು ಎಂಬ ಆದೇಶ 2023ರ ಡಿಸೆಂಬರಿನಲ್ಲಿ ಅಮೆರಿಕದಿಂದ ಬಂದ ಮೇಲಂತೂ ಅವರು ಹಾವು ತುಳಿದವರ ಹಾಗೆ ಆಡುತ್ತಾರೆ. ಇದಕ್ಕಿಂತ ದೊಡ್ಡ ಸಮಸ್ಯೆ ಹೊತ್ತಿನದು. ಮಾಲು ಹಡಗು ಹತ್ತಿದ ಮೇಲೆ ಶಾಖೆಯಿಂದ ಫೋನ್ ಬರುತ್ತದೆ: "ಹೆಡ್ ಆಫೀಸಿಂದ ಕ್ವೆರಿ ಬಂದಿದೆ ಸರ್. ಎಂಡ್ ಯೂಸರ್ ಯಾರು, ಹಡಗಿನ ಐಎಂಒ ನಂಬರ್ ಏನು, ಮೂರನೇ ಪಾರ್ಟಿ ಯಾಕೆ ಪೇಮೆಂಟ್ ಮಾಡ್ತಿದೆ, ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ." ಆಗ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಮಾಲೂ ಹೋಯಿತು, ಹಣವೂ ತೂಗಾಡಿತು.

ನಾಲ್ಕನೆಯದು ಒಂದೊಂದು ವ್ಯವಹಾರಕ್ಕೂ ವಕೀಲರನ್ನೋ ಸಲಹೆಗಾರರನ್ನೋ ಹಿಡಿಯುವುದು. ದುಬಾರಿ. ವರ್ಷಕ್ಕೆ ಮೂರ್ನಾಲ್ಕು ದೊಡ್ಡ ಯಂತ್ರ ಮಾರುವವರಿಗೆ ಒಪ್ಪುತ್ತದೆ, ದಿನಕ್ಕೆ ನೂರು ಬಿಲ್ ಹಾಕುವವರಿಗೆ ಒಪ್ಪುವುದಿಲ್ಲ.

ಐದನೆಯದು ಕೆಲವು ದೇಶಗಳಿಗೆ ಒಟ್ಟಾರೆ ಇಲ್ಲ ಅಂದುಬಿಡುವುದು. ಉತ್ತರ ಕೊರಿಯದ ವಿಷಯದಲ್ಲಿ ಬೇರೆ ಮಾತೇ ಇಲ್ಲ. ಆದರೆ ಭಯಕ್ಕೆ ಪಟ್ಟಿ ಉದ್ದ ಮಾಡುತ್ತಾ ಹೋದರೆ ಕಾನೂನುಬದ್ಧ ವ್ಯಾಪಾರವೂ ಕೈತಪ್ಪುತ್ತದೆ. ಸಿರಿಯಾದ ಮೇಲಿನ ಅಮೆರಿಕದ ನಿರ್ಬಂಧ ವ್ಯವಸ್ಥೆ 2025ರ ಜೂನ್ 30ರ ಆದೇಶದಿಂದ ಕೊನೆಗೊಂಡಿತು. ಅದನ್ನು ಇನ್ನೂ ಕೆಂಪು ಪಟ್ಟಿಯಲ್ಲೇ ಇಟ್ಟುಕೊಂಡಿರುವ ಕಂಪನಿಗಳು ಎಷ್ಟೋ. ಮತ್ತೊಂದು ಕಡೆ, ದೇಶವನ್ನು ತಡೆದ ಮಾತ್ರಕ್ಕೆ ಸರಕು ಅಲ್ಲಿಗೆ ಹೋಗುವುದು ನಿಲ್ಲುವುದಿಲ್ಲ. ಅದು ಸುತ್ತುಹಾದಿಯಲ್ಲಿ ಹೋಗುತ್ತದೆ. ಯಂತ್ರೋದ್ಯಮದವರು ಇದನ್ನು ಗಮನಿಸಿ ಓದಬೇಕು.

ಯಂತ್ರ, ಬೇರಿಂಗ್, ಚಿಪ್ ಮಾರುವವರಿಗೆ

ಇಲ್ಲಿ ತೊಂದರೆ ಬರುವುದು ಸರಕಿನ ಜೊತೆ. ರಷ್ಯಾದ ಯುದ್ಧಕ್ಕೆ ಬಳಕೆಯಾಗುತ್ತಿವೆ ಎಂದು ಐರೋಪ್ಯ ಒಕ್ಕೂಟ, ಅಮೆರಿಕ, ಬ್ರಿಟನ್, ಜಪಾನ್ ಸೇರಿ ಗುರುತಿಸಿರುವ ಸರಕಿನ ಪಟ್ಟಿಯೊಂದಿದೆ. ಅದರಲ್ಲಿ 50 ಎಚ್‌ಎಸ್ ಸಂಖ್ಯೆಗಳಿವೆ, ಅಂದರೆ ಕಸ್ಟಮ್ಸ್‌ನಲ್ಲಿ ಸರಕನ್ನು ಗುರುತಿಸುವ ಆರು ಅಂಕಿಯ ಸಂಖ್ಯೆಗಳು. ಮೊದಲ ಸಾಲಿನಲ್ಲಿ ಇಂಟಿಗ್ರೇಟೆಡ್ ಸರ್ಕ್ಯೂಟ್‌ಗಳು, ಅಂದರೆ 8542.31 ಮತ್ತು ಅದರ ಸೋದರ ಸಂಖ್ಯೆಗಳು. ಕೆಳಗೆ ಬಂದರೆ ಬಾಲ್ ಬೇರಿಂಗ್ 8482.10, ಮಷಿನಿಂಗ್ ಸೆಂಟರ್ 8457.10, ಸಿಎನ್‌ಸಿ ಲೇತ್ 8458.11, ಅವುಗಳ ಬಿಡಿಭಾಗಗಳ 8466.93. ಪೀಣ್ಯದ ಅರ್ಧ ಬೀದಿ ಈ ಸಂಖ್ಯೆಗಳಲ್ಲಿ ಬರುತ್ತದೆ. ನಿಮ್ಮ ಶಿಪ್ಪಿಂಗ್ ಬಿಲ್‌ನಲ್ಲಿರುವ ಎಂಟು ಅಂಕಿಯ ಮೊದಲ ಆರು ಅಂಕಿಯನ್ನು ಈ ಪಟ್ಟಿಯ ಜೊತೆ ಹೋಲಿಸುವುದು ಒಂದು ಮಧ್ಯಾಹ್ನದ ಕೆಲಸ. ಯಾವ ಸಾಫ್ಟ್‌ವೇರ್ ಕೊಳ್ಳುವ ಮೊದಲೂ ಇದನ್ನು ಮಾಡಿ ಮುಗಿಸಿ.

ಇಂಥದೊಂದು ವಿಚಾರಣೆ ಬಂತು ಅಂದುಕೊಳ್ಳಿ. ಕಿರ್ಗಿಸ್ತಾನದ ಬಿಷ್ಕೆಕ್‌ನ ಕಂಪನಿ, ರಷ್ಯಾದ ಯುದ್ಧ ಶುರುವಾದ ಮೇಲೆ 2022ರ ನಡುವೆ ನೋಂದಣಿಯಾದದ್ದು. ಮೊದಲು ಏನು ವ್ಯಾಪಾರ ಮಾಡುತ್ತಿದ್ದರೋ ಸುಳಿವಿಲ್ಲ. ಎರಡು ಮಷಿನಿಂಗ್ ಸೆಂಟರ್, ಜೊತೆಗೆ ಅಳತೆಗೆ ಮೀರಿದಷ್ಟು ಸ್ಪಿಂಡಲ್ ಬೇರಿಂಗ್. ಬೆಲೆಯಲ್ಲಿ ಚೌಕಾಸಿಯೇ ಇಲ್ಲ. ಹಣ ದುಬೈನ ಇನ್ನೊಂದು ಕಂಪನಿಯಿಂದ, ಮಾಲು ಇಸ್ತಾಂಬುಲ್‌ನ ಗೋದಾಮಿಗೆ. ನಿಮ್ಮ ಸರ್ವಿಸ್ ಎಂಜಿನಿಯರ್ ಇನ್‌ಸ್ಟಾಲೇಶನ್‌ಗೆ ಬರುತ್ತಾನೆ ಅಂದರೆ "ಬೇಡ, ನಮ್ಮವರೇ ಮಾಡಿಕೊಳ್ಳುತ್ತಾರೆ" ಎಂಬ ಉತ್ತರ. ಇವರ ಹೆಸರನ್ನು ಜಗತ್ತಿನ ಎಲ್ಲ ಪಟ್ಟಿಗಳಲ್ಲಿ ಹುಡುಕಿ, ಎಲ್ಲೂ ಸಿಗುವುದಿಲ್ಲ. ಅತಿ ದುಬಾರಿ ಸಾಫ್ಟ್‌ವೇರ್ ಕೂಡ ಹಸಿರು ದೀಪ ತೋರಿಸುತ್ತದೆ. ಆದರೆ ಮೂವತ್ತು ವರ್ಷ ಯಂತ್ರ ಮಾರಿದ ಸೇಲ್ಸ್ ಮ್ಯಾನೇಜರ್‌ಗೆ ಇದು ಸರಿಯಿಲ್ಲ ಎಂದು ಮೊದಲ ಇಮೇಲ್‌ನಲ್ಲೇ ಗೊತ್ತಾಗುತ್ತದೆ. ಲಕ್ಷಾಂತರ ರೂಪಾಯಿಯ ಯಂತ್ರ ಕೊಂಡು ಇನ್‌ಸ್ಟಾಲೇಶನ್ ಬೇಡ ಅನ್ನುವ ಗಿರಾಕಿ ಎಲ್ಲಿದ್ದಾನೆ?

ಆದ್ದರಿಂದ ಈ ಉದ್ಯಮಕ್ಕೆ ನನ್ನ ಶಿಫಾರಸು: ಉಚಿತ ಹುಡುಕಾಟ, ಜೊತೆಗೆ ಸೇಲ್ಸ್ ವಿಭಾಗಕ್ಕೆ ತರಬೇತಿ, ಜೊತೆಗೆ ಗಟ್ಟಿಯಾದ ಎಂಡ್ ಯೂಸ್ ಸರ್ಟಿಫಿಕೇಟ್, ಅಂದರೆ ಸರಕನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಎಂದು ಗಿರಾಕಿ ಬರೆದುಕೊಡುವ ಪತ್ರ. ಸಾಫ್ಟ್‌ವೇರ್‌ಗೆ ಇಟ್ಟ ಹಣ ಸ್ಕೋಮೆಟ್ ವರ್ಗೀಕರಣಕ್ಕೆ ಹೋಗಲಿ. ಭಾರತ 2017ರ ಡಿಸೆಂಬರಿನಲ್ಲಿ ಸೇನೆಗೂ ಒದಗುವ ಸರಕಿನ ರಫ್ತನ್ನು ನಿಯಂತ್ರಿಸುವ ವಾಸೆನಾರ್ ಒಪ್ಪಂದ ಸೇರಿತು, ಅದರ ಪಟ್ಟಿ ಸ್ಕೋಮೆಟ್‌ನ 8ನೇ ವರ್ಗದಲ್ಲಿದೆ. ಐದು ಅಕ್ಷಗಳು ಒಟ್ಟಿಗೆ ಚಲಿಸುವ ಮಿಲ್ಲಿಂಗ್ ಯಂತ್ರದಂಥವು ನಿಖರತೆಯನ್ನು ಅವಲಂಬಿಸಿ ಅದರೊಳಗೆ ಬರುತ್ತವೆ. ಅರ್ಜಿ ಆನ್‌ಲೈನ್, ತೀರ್ಮಾನ ದೆಹಲಿಯಲ್ಲಿ ಅಂತರ ಸಚಿವಾಲಯ ಸಮಿತಿಯ ಮುಂದೆ. ಹಾಗಾಗಿ ಡೆಲಿವರಿ ದಿನಾಂಕ ಕೊಡುವ ಮೊದಲೇ ಹೊತ್ತು ಲೆಕ್ಕ ಹಾಕಿಕೊಳ್ಳಿ. ಸ್ಕೋಮೆಟ್ ಪಟ್ಟಿಯಲ್ಲಿ ಇಲ್ಲದ ಸರಕಾದರೂ ಸಾಮೂಹಿಕ ವಿನಾಶದ ಅಸ್ತ್ರಕ್ಕೆ ಹೋಗುತ್ತದೆ ಎಂದು ಗೊತ್ತಿದ್ದು ಕಳಿಸುವ ಹಾಗಿಲ್ಲ. 2005ರ ಕಾಯ್ದೆ ಅದನ್ನೂ ಹಿಡಿಯುತ್ತದೆ.

ಇನ್ನೊಂದು ಮಾತು ಆಮದು ಮಾಡುವವರಿಗೆ. 2024ರ ಮಾರ್ಚ್ 20ರಿಂದ ಐರೋಪ್ಯ ಕಂಪನಿಗಳು ಇಂಥ ಸರಕನ್ನು ಮಾರುವಾಗ "ರಷ್ಯಾಕ್ಕೆ ಮರುರಫ್ತು ಮಾಡುವುದಿಲ್ಲ" ಎಂಬ ಷರತ್ತನ್ನು ಒಪ್ಪಂದದಲ್ಲಿ ಹಾಕಿಸಲೇಬೇಕು. ಜರ್ಮನಿಯ ಬಾಲ್ ಬೇರಿಂಗ್ ತರಿಸಿ ನಿಮ್ಮ ಯಂತ್ರಕ್ಕೆ ಜೋಡಿಸುತ್ತಿದ್ದರೆ ಆ ಕಾಗದಕ್ಕೆ ನೀವು ಸಹಿ ಹಾಕಿಯೇ ಇರುತ್ತೀರಿ. ಪರ್ಚೇಸ್‌ನವರು ಹಾಕಿದ ಸಹಿ ಸೇಲ್ಸ್‌ನವರಿಗೆ ಗೊತ್ತಿದೆಯೇ? ಹೆಚ್ಚಿನ ಕಡೆ ಗೊತ್ತಿರುವುದಿಲ್ಲ.

ಡೀಲರ್ ಮೂಲಕ ಮಾರಿದರೆ ಹೊಣೆ ಡೀಲರ್‌ನದು ಎಂಬ ನಂಬಿಕೆಯೂ ಪೊಳ್ಳು. ಅಮೆರಿಕದ ಎಪ್ಸಿಲಾನ್ ಎಲೆಕ್ಟ್ರಾನಿಕ್ಸ್ ಕಾರಿನ ಆಡಿಯೊ ಸಲಕರಣೆಗಳನ್ನು ದುಬೈನ ವಿತರಕನಿಗೆ ಮಾರುತ್ತಿತ್ತು. ಅವನ ಮಾರುಕಟ್ಟೆ ಇರಾನ್ ಎನ್ನುವುದು ಅವನ ವೆಬ್‌ಸೈಟ್ ನೋಡಿದರೇ ತಿಳಿಯುತ್ತಿತ್ತು. ಇರಾನಿಗೆ ಹೋಗುತ್ತದೆ ಎಂದು ತಿಳಿಯಲು ಕಾರಣ ಇದ್ದರೆ ಸಾಕು, ತಲುಪಿದ್ದಕ್ಕೆ ಸಾಕ್ಷಿ ಬೇಕಿಲ್ಲ ಎಂಬ ವಾದವನ್ನು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಪ್ರಕರಣ ಮುಗಿದದ್ದು 2018ರಲ್ಲಿ 15 ಲಕ್ಷ ಡಾಲರಿಗೆ.

ಸಾಫ್ಟ್‌ವೇರ್ ಮತ್ತು ಜಿಸಿಸಿಗಳಿಗೆ (ವಿದೇಶಿ ಕಂಪನಿಗಳ ಇಲ್ಲಿನ ಕೇಂದ್ರಗಳಿಗೆ)

ಇಲ್ಲಿ ಲೆಕ್ಕ ಪೂರ್ತಿ ಬೇರೆ. ಗಿರಾಕಿಗಳು ಸಾವಿರಾರು, ಒಬ್ಬೊಬ್ಬರ ಬಿಲ್ ಚಿಕ್ಕದು, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕೈಯಿಂದ ಹುಡುಕುವುದು ಆಗದ ಮಾತು. ಎರಡನೆಯ ದಾರಿ, ಅಂದರೆ ಎಪಿಐ ಮೂಲಕ ನಿಮ್ಮ ವ್ಯವಸ್ಥೆಗೇ ಜೋಡಿಸಿದ ಸಾಫ್ಟ್‌ವೇರ್, ಇವರಿಗೇ ಹೇಳಿ ಮಾಡಿಸಿದ್ದು. ಆದರೆ ಹೆಸರಿಗಿಂತ ಮುಖ್ಯವಾದದ್ದು ಬಳಕೆದಾರ ಎಲ್ಲಿಂದ ಬಂದಿದ್ದಾನೆ ಎಂದು ತೋರಿಸುವ ಐಪಿ ವಿಳಾಸ. ಎಸ್‌ಎಪಿ 2021ರಲ್ಲಿ ಅಮೆರಿಕದ ಮೂರು ಇಲಾಖೆಗಳಿಗೆ ಒಟ್ಟು 80 ಲಕ್ಷ ಡಾಲರಿಗೂ ಹೆಚ್ಚು ತೆತ್ತಿತು. ಇರಾನಿನಿಂದ ಬಳಕೆದಾರರು ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದರು. ಐಪಿ ನೋಡಿ ತಡೆಯುವ ವ್ಯವಸ್ಥೆ ಇಲ್ಲ ಎಂದು ಅವರದೇ ಆಂತರಿಕ ಆಡಿಟ್ ವರ್ಷಗಳ ಹಿಂದೆಯೇ ಬರೆದಿತ್ತು. ಆಡಿಟ್ ವರದಿ ಬರೆಸಿ ಬೀರುವಿನಲ್ಲಿ ಇಡುವುದಕ್ಕಿಂತ ಬರೆಸದಿರುವುದೇ ವಾಸಿ ಎಂದು ಕೆಲವು ವಕೀಲರು ನಗೆಯಾಡುವುದು ಇದಕ್ಕೇ.

2023ರಲ್ಲಿ ಮೈಕ್ರೋಸಾಫ್ಟ್ ಓಎಫ್‌ಎಸಿಗೆ ಸುಮಾರು 29.8 ಲಕ್ಷ ಡಾಲರ್ ಕೊಟ್ಟ ಪ್ರಕರಣದಿಂದ ಇಲ್ಲಿನವರು ಕಲಿಯಬೇಕಾದ್ದು ಎರಡು. ರೀಸೆಲ್ಲರ್ ಮೂಲಕ ಮಾರಿದಾಗ ಕೊನೆಯ ಬಳಕೆದಾರ ಯಾರು ಎಂಬ ಮಾಹಿತಿ ಅವರಿಗೆ ಪೂರ್ತಿ ಬರುತ್ತಿರಲಿಲ್ಲ. ಜೊತೆಗೆ ರಷ್ಯನ್ ಲಿಪಿಯಲ್ಲಿ ಬರೆದ ಹೆಸರುಗಳನ್ನು ಅವರ ಹುಡುಕಾಟ ಗುರುತಿಸುತ್ತಿರಲಿಲ್ಲ. ನಿಮ್ಮ ಸೈನ್‌ಅಪ್ ಪುಟದಲ್ಲಿ ಬೇರೆ ಲಿಪಿ ಹಾಕಿದರೆ ಏನಾಗುತ್ತದೆ, ಇವತ್ತೇ ಪರೀಕ್ಷಿಸಿ. ಕನ್ನಡದಲ್ಲೇ ಒಂದು ಹೆಸರು ಹಾಕಿ ನೋಡಿ. ನಮ್ಮ ಲಿಪಿಗೆ ಹೆಚ್ಚಿನ ಉಪಕರಣಗಳು ತಬ್ಬಿಬ್ಬಾದರೆ ಆಶ್ಚರ್ಯವೇನಿಲ್ಲ.

ಔಟರ್ ರಿಂಗ್ ರೋಡ್, ಮಾನ್ಯತಾ ಕಡೆಯ ಜಿಸಿಸಿಗಳಿಗೆ ಬೇರೆ ಎಚ್ಚರಿಕೆ. ಅಮೆರಿಕನ್ ಮಾಲೀಕತ್ವದ ವಿದೇಶಿ ಅಂಗಸಂಸ್ಥೆಗಳಿಗೂ ಇರಾನ್ ಮತ್ತು ಕ್ಯೂಬಾ ನಿಯಮಗಳು ನೇರವಾಗಿ ಅನ್ವಯಿಸುತ್ತವೆ. ಅಲ್ಲದೆ ಗ್ರೀನ್ ಕಾರ್ಡ್ ಅಥವಾ ಅಮೆರಿಕದ ಪೌರತ್ವ ಇರುವವರು ಇಂದಿರಾನಗರದಲ್ಲಿ ಕೂತು ಕೆಲಸ ಮಾಡಿದರೂ ಆ ಕಾನೂನಿನ ಕಣ್ಣಿನಲ್ಲಿ ಅಮೆರಿಕದವರೇ. ಪೂರ್ತಿ ಭಾರತೀಯ ಸ್ಟಾರ್ಟಪ್‌ನಲ್ಲಿ ಸಿಎಫ್‌ಒ ಇಂಥವರಾಗಿದ್ದು, ಕಂಪನಿಗೆ ಇಲ್ಲಿನ ಕಾನೂನಿನಲ್ಲಿ ಅಡ್ಡಿಯಿಲ್ಲದ ಒಂದು ವ್ಯವಹಾರಕ್ಕೆ ಸಹಿ ಹಾಕಿದರೆ ಕಂಪನಿಗಿಂತ ಮೊದಲು ಅವರಿಗೇ ತೊಂದರೆ. ಅಮೆರಿಕದಿಂದ ಮರಳಿದವರು ತುಂಬಿರುವ ಊರು ಇದು. ಆದರೂ ಎಚ್‌ಆರ್ ಇದನ್ನು ಕೇಳುವುದು ಅಪರೂಪ. ಇದಕ್ಕೆ ಸಾಫ್ಟ್‌ವೇರ್ ಬೇಡ, ಅಂಥ ಕಡತ ಅವರ ಮೇಜಿಗೆ ಹೋಗದಂತೆ ಒಂದು ಲಿಖಿತ ನಿಯಮ ಸಾಕು.

ಉಳಿದವರು

ಕ್ಲಿಯರಿಂಗ್ ಏಜೆಂಟರು, ಸರಕು ಸಾಗಣೆಯವರು ಎಲ್ಲರ ತೊಂದರೆಯನ್ನೂ ತಲೆ ಮೇಲೆ ಹೊರುವವರು. ವೈಟ್‌ಫೀಲ್ಡ್‌ನ ಕಂಟೇನರ್ ಡಿಪೊದಲ್ಲಾಗಲಿ (ಐಸಿಡಿ) ದೇವನಹಳ್ಳಿಯ ಕಾರ್ಗೊದಲ್ಲಾಗಲಿ ಸರಕು ಅವರದಲ್ಲ, ಗಿರಾಕಿಯ ಗಿರಾಕಿ ಅವರಿಗೆ ಗೊತ್ತಿಲ್ಲ. ಆದರೆ ಹಣ ಮಾತ್ರ ಅವರ ಖಾತೆಯಿಂದ ಡಾಲರ್‌ನಲ್ಲಿ ಹೋಗುತ್ತದೆ. ಆಸ್ಟ್ರೇಲಿಯದ ಟೋಲ್ ಹೋಲ್ಡಿಂಗ್ಸ್ ಉತ್ತರ ಕೊರಿಯ, ಇರಾನ್, ಸಿರಿಯಾಕ್ಕೆ ಸಂಬಂಧಿಸಿದ ಸಾಗಣೆಯ 2,958 ಪಾವತಿಗಳಿಗಾಗಿ 2022ರಲ್ಲಿ 61 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟಿತು. ಇವರಿಗೆ ಸಾಫ್ಟ್‌ವೇರ್ ಖಂಡಿತ ಬೇಕು, ಹಡಗು ಮತ್ತು ಬಂದರುಗಳನ್ನೂ ಹುಡುಕುವಂಥದ್ದೇ ಬೇಕು. ಈ ವಿಷಯದಲ್ಲಿ ಜಿಪುಣತನ ಮಾಡಬೇಡಿ ಎಂದು ನಾನು ಹೇಳುವುದು ಇವರೊಬ್ಬರಿಗೆ, ಆಮೇಲೆ ಫಿನ್‌ಟೆಕ್‌ನವರಿಗೆ.

ಫಿನ್‌ಟೆಕ್‌ನವರಿಗೆ ಆಯ್ಕೆಯೇ ಇಲ್ಲ. ಆರ್‌ಬಿಐನ ಕೆವೈಸಿ ನಿರ್ದೇಶನದ ಪ್ರಕಾರ ವಿಶ್ವಸಂಸ್ಥೆಯ ಪಟ್ಟಿಗಳನ್ನು ದಿನವೂ ನೋಡಬೇಕು. ಸ್ವಂತ ಲೈಸೆನ್ಸ್ ಇಲ್ಲದೆ ಬ್ಯಾಂಕಿನ ಪಾಲುದಾರರಾಗಿ ಕೆಲಸ ಮಾಡುವವರು ಹೊಣೆ ಯಾರದು ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಗಾರ್ಮೆಂಟ್ಸ್‌ನವರಿಗೆ ತೊಂದರೆ ಬರುವುದು ಹಿಂದಿನಿಂದ, ಕೊಂಡುತಂದ ಮಾಲಿನಿಂದ. ಪೀಣ್ಯ, ಬೊಮ್ಮನಹಳ್ಳಿಯ ಕಾರ್ಖಾನೆಗಳ ಗಿರಾಕಿಗಳು ಹೆಸರಾಂತ ಬ್ರ್ಯಾಂಡ್‌ಗಳು. ಅವರನ್ನು ಪಟ್ಟಿಯಲ್ಲಿ ಹುಡುಕುವುದರಿಂದ ಏನು ಸಿಗುತ್ತದೆ? ನೋಡಬೇಕಾದ್ದು ಬಟ್ಟೆ, ಝಿಪ್, ಬಟನ್, ಲೇಸ್ ಎಲ್ಲಿಂದ ಬಂತು ಎಂದು. ಅಮೆರಿಕದ ಎಲ್ಫ್ ಕಾಸ್ಮೆಟಿಕ್ಸ್ ಚೀನಾದಿಂದ ತರಿಸಿದ ಕೃತಕ ರೆಪ್ಪೆಗಳಲ್ಲಿ ಉತ್ತರ ಕೊರಿಯದ ಮಾಲು ಸೇರಿತ್ತು. ಸರಬರಾಜುದಾರರ ಆಡಿಟ್ ನಡೆಯುತ್ತಿದ್ದರೂ ಗುಣಮಟ್ಟ ಬಿಟ್ಟು ಬೇರೆ ಪ್ರಶ್ನೆ ಕೇಳುತ್ತಿರಲಿಲ್ಲ. 2019ರಲ್ಲಿ 9,96,080 ಡಾಲರ್ ಕಟ್ಟಿತು. 2022ರ ಜೂನ್‌ನಿಂದ ಬಲವಂತದ ದುಡಿಮೆಯ ಕಾರಣಕ್ಕೆ ಚೀನಾದ ಷಿನ್‌ಜಿಯಾಂಗ್‌ನ ಹತ್ತಿ ಬೆರೆತ ಉಡುಪನ್ನೂ ಅಮೆರಿಕದ ಕಸ್ಟಮ್ಸ್ ತಡೆಯುತ್ತಿದೆ. ಇಲ್ಲಿ ಕೆಲಸಕ್ಕೆ ಬರುವುದು ನೂಲಿನಿಂದ ಉಡುಪಿನವರೆಗಿನ ಬಿಲ್‌ಗಳ ಸರಪಳಿ.

ಔಷಧದವರ ಪಾಡು ವಿಚಿತ್ರ. ಆಹಾರ, ಔಷಧ, ವೈದ್ಯಕೀಯ ಉಪಕರಣಗಳಿಗೆ ಅಮೆರಿಕದ ನಿಯಮಗಳಲ್ಲೇ ವಿನಾಯಿತಿಗಳಿವೆ. ಆದರೂ ಇರಾನ್ ಎಂಬ ಹೆಸರು ಕಂಡರೆ ಬ್ಯಾಂಕ್ ಕೈಮುಗಿದುಬಿಡುತ್ತದೆ. ಇವರಿಗೆ ನಾಲ್ಕನೆಯ ದಾರಿಯೇ ಸರಿ: ಯಾವ ವಿನಾಯಿತಿ ಅನ್ವಯಿಸುತ್ತದೆ ಎಂದು ವಕೀಲರಿಂದ ಒಮ್ಮೆ ಬರೆಸಿ, ಆರ್ಡರ್ ಒಪ್ಪಿಕೊಳ್ಳುವ ಮೊದಲೇ ಬ್ಯಾಂಕಿನ ಮುಂದಿಟ್ಟು ಒಪ್ಪಿಗೆ ಪಡೆಯಿರಿ. ಬಯೋಟೆಕ್ ಉಪಕರಣ ಮಾಡುವವರು ಮಾತ್ರ ಯಂತ್ರೋದ್ಯಮದ ಸಾಲಿಗೆ ಸೇರಿಕೊಳ್ಳಬೇಕು. 20 ಲೀಟರ್ ಮತ್ತು ಅದಕ್ಕಿಂತ ದೊಡ್ಡ ಫರ್ಮೆಂಟರ್‌ಗಳು, ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳು ಹರಡದಂತೆ ನೋಡುವ ದೇಶಗಳ ಗುಂಪಾದ ಆಸ್ಟ್ರೇಲಿಯ ಗ್ರೂಪ್‌ನ ನಿಯಂತ್ರಣ ಪಟ್ಟಿಯಲ್ಲಿವೆ. 2018ರ ಜನವರಿಯಿಂದ ಭಾರತ ಆ ಗುಂಪಿನ ಸದಸ್ಯ.

ಯಾವ ದಾರಿ ಹಿಡಿದರೂ

ಹಿಟ್ ಬಂದಾಗ, ಅಂದರೆ ಗಿರಾಕಿಯ ಹೆಸರು ಪಟ್ಟಿಗೆ ಹೊಂದಿದಾಗ, ಮಾಲು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂದು ಮೊದಲೇ ತೀರ್ಮಾನವಾಗಿರಬೇಕು. ಟಾರ್ಗೆಟ್ ತಲೆ ಮೇಲಿರುವ ಸೇಲ್ಸ್‌ನವರಿಗೆ ಆ ಅಧಿಕಾರ ಕೊಡಬೇಡಿ. ಚಿಕ್ಕ ಕಂಪನಿಯಲ್ಲಿ ಅಕೌಂಟ್ಸ್ ಮುಖ್ಯಸ್ಥರಿದ್ದರೆ ಸಾಕು, ಆದರೆ ಮಾಲೀಕರು ಫೋನ್ ಮಾಡಿ "ಈ ಸಲ ಬಿಟ್ಬಿಡಿ" ಅನ್ನಬಾರದು.

ದಾಖಲೆಯ ವಿಷಯದಲ್ಲಿ ಐದು ವರ್ಷ ಇಟ್ಟರೆ ಸಾಕು ಎಂಬ ಹಳೆಯ ಲೆಕ್ಕ ಡಾಲರ್ ವ್ಯವಹಾರದವರು ಬಿಡಬೇಕು. ಅಮೆರಿಕದಲ್ಲಿ ಪ್ರಕರಣ ಹೂಡುವ ಕಾಲಮಿತಿ 2024ರ ಏಪ್ರಿಲ್‌ನಲ್ಲಿ ಐದರಿಂದ ಹತ್ತು ವರ್ಷಕ್ಕೆ ಏರಿತು, ಓಎಫ್‌ಎಸಿ ದಾಖಲೆ ಇಡುವ ಅವಧಿಯೂ 2025ರ ಮಾರ್ಚ್ 12ರಿಂದ ಹತ್ತು ವರ್ಷವಾಯಿತು. ಹುಡುಕಿದ ದಿನಾಂಕ ಕಾಣುವ ಸ್ಕ್ರೀನ್‌ಶಾಟ್, ಸ್ಕೋರ್ ಎಷ್ಟಕ್ಕೆ ಇಟ್ಟಿದ್ದಿರಿ ಎನ್ನುವುದು, ಹೊಂದಿಕೆ ಅಲ್ಲ ಎಂದು ಏಕೆ ಬಿಟ್ಟಿರಿ ಎನ್ನುವ ಎರಡು ಸಾಲು, ಎಂಡ್ ಯೂಸ್ ಸರ್ಟಿಫಿಕೇಟ್, ಹಣ ಕಳಿಸಿದವರ ವಿವರ, ಇಷ್ಟನ್ನೂ ಆಯಾ ಶಿಪ್ಪಿಂಗ್ ಬಿಲ್‌ನ ಫೈಲಿನಲ್ಲೇ ಇಡಿ. ಕೆಲಸ ಮಾಡಿದವರ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಬೇಡ. ಅವರು ಕೆಲಸ ಬಿಟ್ಟ ಮೇಲೆ ಅದನ್ನು ಫಾರ್ಮ್ಯಾಟ್ ಮಾಡಿ ಹೊಸಬರಿಗೆ ಕೊಟ್ಟಿರುತ್ತಾರೆ.